ಪವರ್ ಸ್ಟೀರಿಂಗ್ ಹೋಸ್ ಸೋರಿಕೆ

ಹೈಡ್ರಾಲಿಕ್ ಪವರ್ ಸ್ಟೀರಿಂಗ್ ಇರುವ ವಾಹನಗಳಲ್ಲಿ ಪಂಪಿಗೂ ಸ್ಟೀರಿಂಗ್ ರ್‍ಯಾಕಿಗೂ ನಡುವಿನ ಕೊಳವೆಯಿಂದ ಆಯಿಲ್ ಸೋರುವ ದೋಷ. 2008ರ ಮೇ ತಿಂಗಳಲ್ಲಿ ದೇವನಹಳ್ಳಿ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ಆ ಭಾಗದಲ್ಲಿ ಟ್ಯಾಕ್ಸಿಗಳ ಓಡಾಟ ಹೆಚ್ಚಿತು. ಅವುಗಳ ಪೈಕಿ ಬಿಡದಿಯಲ್ಲಿ ತಯಾರಾದ ಹಳೆಯ ಇನ್ನೋವಾಗಳದು ಈ ಬಗೆಯ ಸ್ಟೀರಿಂಗ್. ಎಲೆಕ್ಟ್ರಿಕ್ ಸ್ಟೀರಿಂಗಿನ ಕಾರುಗಳಲ್ಲಿ ಸಾಮಾನ್ಯವಾಗಿ ಈ ಹೋಸ್ ಇರುವುದಿಲ್ಲ.

ಪೂರ್ತಿ ತಿರುಗಿಸಿದಾಗ ಗುಂಯ್‌ಗುಡುವ ಸದ್ದು, ನಿಧಾನ ವೇಗದಲ್ಲಿ ಭಾರವಾಗುವ ಸ್ಟೀರಿಂಗ್, ಡಬ್ಬಿಯಲ್ಲಿ ಇಳಿಯುವ ಆಯಿಲ್ ಇದರ ಲಕ್ಷಣಗಳು. ಮತ್ತೆ ಮತ್ತೆ ಆಯಿಲ್ ಸುರಿದು ಓಡಿಸುವ ರೂಢಿ ಅಪಾಯಕಾರಿ: ಆಯಿಲ್ ಬತ್ತಿದರೆ ಪಂಪು ಸವೆದುಹೋಗುತ್ತದೆ, ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಬಿದ್ದರೆ ಬೆಂಕಿ ಹತ್ತಬಹುದು. ಎಂಜಿನ್ ಓಡುತ್ತಿರುವಾಗ ಸೋರಿಕೆಯನ್ನು ಬರಿಗೈಯಿಂದ ಹುಡುಕಲೇಬಾರದು. ಒತ್ತಡದ ಆಯಿಲ್ ಚರ್ಮ ತೂರಿ ಒಳಹೋಗಬಲ್ಲದು.

ಆಯಿಲ್ ಮರಳುವ ಹೋಸ್‌ನಲ್ಲಿ ಒತ್ತಡ ಕಡಿಮೆ. ಹಲವು ಬಾರಿ ಹೊಸ ಕ್ಲಾಂಪ್ ಸಾಕು. ಪಂಪಿನಿಂದ ಹೊರಡುವ ಹೋಸ್ ಹಾಗಲ್ಲ. ಅದಕ್ಕೆ ಟೇಪು ಸುತ್ತುವುದು ವ್ಯರ್ಥ, ಬದಲಿಸಲೇಬೇಕು. ಬಳಿಕ ತಯಾರಕರು ಸೂಚಿಸಿದ ಆಯಿಲ್ ತುಂಬಿ, ಮುಂದಿನ ಚಕ್ರಗಳನ್ನು ಜಾಕಿಯಿಂದ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎಂಜಿನ್ ಆರಿಸಿಯೇ ಸ್ಟೀರಿಂಗನ್ನು ಎರಡೂ ಕಡೆ ನಿಧಾನವಾಗಿ ತಿರುಗಿಸಿ ಗಾಳಿ ತೆಗೆಯುತ್ತಾರೆ.