ಕಾಯ ಬಿಟ್ಟು ಮಾಯ ಸೇರಿದವರು

ಅಮೀಶ್ ತ್ರಿಪಾಠಿಯವರ ಶಿವನ ಕಾದಂಬರಿಗಳನ್ನು ನಿಮ್ಮಲ್ಲಿ ಕೆಲವರಾದರೂ ಓದಿರಬಹುದು. ಮೊದಲನೆಯದು 2010ರಲ್ಲಿ, ಎರಡನೆಯದು 2011ರಲ್ಲಿ, ಕೊನೆಯದು 2013ರಲ್ಲಿ ಬಂತು. ಅಲ್ಲಿ ಶಿವ ದೇವರಲ್ಲ, ಟಿಬೆಟ್ಟಿನ ಒಂದು ಬುಡಕಟ್ಟಿನ ನಾಯಕ. ಮೆಲೂಹಕ್ಕೆ ಬಂದು ಸೋಮರಸ ಕುಡಿದಾಗ ಅವನ ಕಂಠ ನೀಲಿಯಾಗುತ್ತದೆ, ಜನ ನೀಲಕಂಠನೆಂದು ಕೈಮುಗಿಯುತ್ತಾರೆ. ಇಂಥ ಸರಣಿ ಹಿಡಿದ ಮಕ್ಕಳಿಗೆ ಒಂದೇ ಕುತೂಹಲ: ಇವನು ದೇವರಾಗುವುದು ಯಾವಾಗ? ಮದ್ದಿನಿಂದಲೋ, ಆಯುಧದಿಂದಲೋ, ಯುದ್ಧ ಗೆದ್ದ ಮೇಲೋ?

ನಮ್ಮ ಕಾಸರಗೋಡಿನ ಕಡೆಗೆ ಈ ಪ್ರಶ್ನೆ ಹೊಸತಲ್ಲ. ತುಳುವಿನ ಪಾಡ್ದನಗಳೂ ಮಲಯಾಳದ ತೋಟ್ಟಂ ಪಾಟ್ಟುಗಳೂ ತಲೆಮಾರುಗಳಿಂದ ಹೇಳುತ್ತ ಬಂದದ್ದು ಮನುಷ್ಯರು ದೈವವಾದ ಕತೆಗಳನ್ನೇ. ಕಾಯ ಬಿಟ್ಟು ಮಾಯ ಸೇರಿದರು ಎನ್ನುತ್ತೇವಲ್ಲ, ಅದು. ಆದರೆ ಇಲ್ಲಿಯ ಉತ್ತರ ಬೇರೆ. ದೈವವಾದವರಲ್ಲಿ ಬಹಳ ಮಂದಿ ರಾಜ್ಯ ಗೆದ್ದವರಲ್ಲ, ಅನ್ಯಾಯಕ್ಕೆ ಸಿಕ್ಕಿದವರು.

ಕಲ್ಕುಡನನ್ನು ನೋಡಿ. ಕಾರ್ಕಳದಲ್ಲಿ ಗೊಮ್ಮಟನನ್ನು ಕಡೆದು ನಿಲ್ಲಿಸಿದ ಶಿಲ್ಪಿ. ಇಂಥದ್ದು ಇನ್ನೆಲ್ಲೂ ಆಗಬಾರದೆಂದು ಅರಸ ಭೈರರಸ ಅವನ ಎಡಗೈ, ಬಲಗಾಲು ಕಡಿಸಿದ. ಕಲ್ಕುಡ ವೇಣೂರಿಗೆ ಹೋಗಿ, ಉಳಿದ ಒಂದು ಕೈ ಒಂದು ಕಾಲಿನಲ್ಲಿ ಅಲ್ಲೂ ಗೊಮ್ಮಟನನ್ನು ಮಾಡಿದ! ಹುಡುಕಿಕೊಂಡು ಬಂದ ತಂಗಿ ಕಲ್ಲುರ್ಟಿ ಅಣ್ಣನ ಸ್ಥಿತಿ ಕಂಡು ಅತ್ತಳು. ಇಬ್ಬರೂ ಮಾಯವಾದರು, ಅರಸನಿಗೆ ಉಪದ್ರವ ಕೊಟ್ಟು ದೈವಗಳಾದರು.

ಇಲ್ಲಿ ಚರಿತ್ರೆಯ ಲೆಕ್ಕ ಹಾಕದೆ ಬಿಡುವಂತಿಲ್ಲ. ಕಾರ್ಕಳದ ಮೂರ್ತಿಯನ್ನು ವೀರಪಾಂಡ್ಯ ನಿಲ್ಲಿಸಿದ್ದು 1432ರಲ್ಲಿ, ವೇಣೂರಿನದನ್ನು ತಿಮ್ಮಣ್ಣ ಅಜಿಲ ನಿಲ್ಲಿಸಿದ್ದು 1604ರಲ್ಲಿ. ನಡುವೆ 172 ವರ್ಷ. ಒಬ್ಬನೇ ಶಿಲ್ಪಿ ಎರಡನ್ನೂ ಮಾಡಿರಲು ಸಾಧ್ಯವೇ ಇಲ್ಲ. ಹಾಗೆಂದು ಪಾಡ್ದನವನ್ನು ಸುಳ್ಳೆಂದು ಬದಿಗಿಟ್ಟರೆ ಅದು ಅವಸರ. ನಾವು ಪಾಠದಲ್ಲಿ ಬಾಯಿಪಾಠ ಮಾಡಿಸುವುದು ಮೂರ್ತಿ ನಿಲ್ಲಿಸಿದ ಅರಸರ ಹೆಸರು. ಬಂಡೆ ಕಡಿದವರನ್ನು ನೆನಪಿಟ್ಟದ್ದು ಪಾಡ್ದನ. ಎರಡು ಶತಮಾನಗಳ ಎಷ್ಟೋ ಕೈಗಳು ಸೇರಿ ಒಬ್ಬ ಕಲ್ಕುಡ ಆಗಿರಬೇಕು ಎಂದು ನನ್ನ ಊಹೆ.

ಕೋಟಿ ಚೆನ್ನಯರ ಕತೆ ನಿಮಗೆ ಗೊತ್ತೇ ಇದೆ, ಪೆರುಮಾಳೆ ಬಲ್ಲಾಳನ ಕೃತಘ್ನತೆಯಿಂದ ಎಣ್ಮೂರಿನ ಕಾಳಗದವರೆಗೆ. ಚಂದ್ರಗಿರಿ ಹೊಳೆಯ ತೆಂಕು ಬದಿಗೆ ಹೋದರೆ ಮುಚ್ಚಿಲೋಟ್ ಭಗವತಿ ಸಿಗುತ್ತಾಳೆ. ಪೆರಿಂಚೆಲ್ಲೂರಿನ ಬ್ರಾಹ್ಮಣ ಕನ್ಯೆ, ಪಂಡಿತರನ್ನು ವಾದದಲ್ಲಿ ಸೋಲಿಸಿದವಳು. ಸೋತವರು ಏನು ಮಾಡಿದರು? ಅವಳ ನಡತೆಯ ಮೇಲೆ ಅಪವಾದ ಹೊರಿಸಿ ಊರಿನಿಂದ ಹೊರಗೆ ಹಾಕಿಸಿದರು. ಅವಳು ಬೆಂಕಿಗೆ ಇಳಿದಳು. ಆ ದಾರಿಯಾಗಿ ಎಣ್ಣೆ ಹೊತ್ತು ಬಂದ ವಾಣಿಯ ಜಾತಿಯವನೊಬ್ಬ ಅವಳು ಕೇಳಿದಂತೆ ಎಣ್ಣೆ ಸುರಿದ. ಇಂದು ವಾಣಿಯರ ಕುಲದೇವತೆ ಅವಳು. ಕಲಿತ ಹೆಣ್ಣು ಬದುಕಿದ್ದಾಗ ಸಿಗದ ಮರ್ಯಾದೆ ಸತ್ತ ಮೇಲೆ ಸಿಕ್ಕಿತು ಎಂದು ಸಂತೋಷ ಪಡುವುದೋ, ನಾಚುವುದೋ? ಹೆಣ್ಣುಮಕ್ಕಳು ಕೂತಿರುವ ತರಗತಿಯಲ್ಲಿ ಈ ಪ್ರಶ್ನೆ ಕೇಳಲೇಬೇಕು.

ಇನ್ನೊಂದು ಮಾತು. ಈ ದೈವಗಳಿಗೆ ದೇಹ ಕೊಡುವವರು ನಲಿಕೆ, ಪರವ, ಪಂಬದ, ವಣ್ಣಾನ್ ಸಮುದಾಯದವರು. ಗಗ್ಗರ ಕಟ್ಟಿ ನಿಂತಾಗ ಗುತ್ತಿನ ಯಜಮಾನ ಎದುರು ಕೈಜೋಡಿಸಿ ಅಪ್ಪಣೆ ಕೇಳುತ್ತಾನೆ. ಬಣ್ಣ ತೊಳೆದ ಮೇಲೆ ಅದೇ ಮನುಷ್ಯನನ್ನು ಅಂಗಳದ ಕೆಳಗೆ ನಿಲ್ಲಿಸಿ ಮಾತಾಡಿಸಿದ ಕಾಲ ಅಷ್ಟೇನೂ ಹಿಂದಿನದಲ್ಲ, ನಮ್ಮ ಅಜ್ಜಂದಿರು ಕಣ್ಣಾರೆ ಕಂಡದ್ದು.