ಅನೂಬಿಸನ ಗುಡಿ ಮತ್ತು ಅಳಿಸಿದ ರಾಣಿ

ಈಜಿಪ್ಟಿನ ರಾಣಿ ಎಂದೊಡನೆ ನಮಗೆಲ್ಲ ನೆನಪಾಗುವವಳು ಕ್ಲಿಯೋಪಾತ್ರ. ಅವಳಿಗಿಂತ ಸುಮಾರು 1400 ವರ್ಷ ಮೊದಲೇ ಹ್ಯಾಟ್‌ಶೆಪ್ಸುಟ್ ಎಂಬ ಹೆಣ್ಣುಮಗಳು ಫೇರೋ ಆಗಿ ಅಲ್ಲಿ ಎರಡು ದಶಕಗಳ ಕಾಲ ಆಳಿದ್ದಳು. ಅವಳು ಕಟ್ಟಿಸಿದ ದೇವಾಲಯದೊಳಗಿನ ಒಂದು ಪುಟ್ಟ ಗುಡಿಯ ಬಗ್ಗೆ ಓದಿದಾಗಿನಿಂದ, ಅದನ್ನು ನಮ್ಮ ಗೆಳತಿಯರೊಂದಿಗೆ ಹಂಚಿಕೊಳ್ಳಬೇಕೆಂದು ನನಗೆ ಅನಿಸುತ್ತಲೇ ಇತ್ತು.

ಲಕ್ಸರ್ ನಗರದೆದುರು, ನೈಲ್ ನದಿಯ ಪಶ್ಚಿಮ ದಡದ ಕಡಿದಾದ ಬೆಟ್ಟದ ಬುಡದಲ್ಲಿದೆ ದೇರ್ ಅಲ್-ಬಹ್ರಿ. ಅಲ್ಲಿನ ಮೂರು ಅಂತಸ್ತಿನ ದೇವಾಲಯವೇ ಹ್ಯಾಟ್‌ಶೆಪ್ಸುಟ್ ಕಟ್ಟಿಸಿದ್ದು. ನಡುವಿನ ಅಂತಸ್ತಿನ ದಕ್ಷಿಣ ತುದಿಯಲ್ಲಿ ಹಾಥೋರ್ ದೇವಿಯ ಗುಡಿ, ಉತ್ತರ ತುದಿಯಲ್ಲಿ ಅನೂಬಿಸನ ಗುಡಿ. ನರಿಮುಖದ ಅನೂಬಿಸ್ ಶವಸಂಸ್ಕಾರದ ದೇವರು, ಸಮಾಧಿಗಳ ಕಾವಲುಗಾರ. ಅವನ ಗುಡಿಯ ಮುಂಭಾಗದಲ್ಲಿ 12 ಕಂಬಗಳ ಮಂಟಪ. ಛಾವಣಿಯಲ್ಲಿ ನೀಲಿ ಆಕಾಶ, ಹಳದಿ ನಕ್ಷತ್ರಗಳು. ಸುಮಾರು 3500 ವರ್ಷಗಳಾದರೂ ಗೋಡೆಯ ಕೆಂಪು, ಹಳದಿ, ನೀಲಿ ಬಣ್ಣಗಳು ಇನ್ನೂ ಉಳಿದಿವೆ.

ಗೋಡೆಯ ಮೇಲೆ ಅನೂಬಿಸ್ ಕುಳಿತಿದ್ದಾನೆ. ಅವನ ಮುಂದೆ ನೈವೇದ್ಯದ ರಾಶಿ. ಆದರೆ ಅರ್ಪಿಸುತ್ತಿದ್ದವಳ ಜಾಗದಲ್ಲಿ ಉಳಿದಿರುವುದು ಉಳಿಯಿಂದ ಕೆರೆದ ಒರಟು ಕಲ್ಲು ಮಾತ್ರ! ಅದೇ ಮಂಟಪದಲ್ಲಿ ಸೋಕರ್ ದೇವರಿಗೆ ದ್ರಾಕ್ಷಾರಸ ಅರ್ಪಿಸುತ್ತಿರುವ ಮೂರನೇ ಥಟ್‌ಮೋಸನ ಚಿತ್ರ ಮಾತ್ರ ಉಳಿದಿದೆ.

ಈ ಥಟ್‌ಮೋಸ್ ಅವಳ ಮಲಮಗ. ಗಂಡ ತೀರಿಕೊಂಡಾಗ ಇವನು ಇನ್ನೂ ಮಗು. ಅವನ ಪರವಾಗಿ ಆಡಳಿತ ಹಿಡಿದವಳು ಕೆಲವೇ ವರ್ಷಗಳಲ್ಲಿ ತಾನೇ ಕಿರೀಟ ಧರಿಸಿದಳು. ಅವಳು ಸತ್ತು ಸುಮಾರು 20 ವರ್ಷಗಳ ನಂತರ, ಅವನ ಆಳ್ವಿಕೆಯ ಕೊನೆಗಾಲದಲ್ಲಿ, ಅವಳ ಚಿತ್ರಗಳನ್ನೂ ಹೆಸರನ್ನೂ ಅಳಿಸುವ ಕೆಲಸ ನಡೆಯಿತು. ಬರೀ ಸಿಟ್ಟಾಗಿದ್ದರೆ ಇಷ್ಟು ವರ್ಷ ಕಾಯುತ್ತಿರಲಿಲ್ಲ, ತನ್ನ ಮಗನ ಪಟ್ಟಕ್ಕೆ ಅಡ್ಡಿ ಬಾರದಿರಲೆಂದು ಮಾಡಿರಬೇಕು ಎಂಬುದು ಹಲವು ಇತಿಹಾಸಕಾರರ ಅಭಿಪ್ರಾಯ.

ಆದರೂ ಅವಳು ಪೂರ್ತಿ ಅಳಿಯಲಿಲ್ಲ. ಕನ್ನಡದಲ್ಲಿ ‘ಬಂದಳು’ ಎಂದೊಡನೆ ಹೆಣ್ಣೆಂದು ತಿಳಿಯುತ್ತದಲ್ಲವೇ? ಪ್ರಾಚೀನ ಈಜಿಪ್ಟಿನ ಭಾಷೆಯಲ್ಲೂ ಪದದ ಕೊನೆಯ ‘ತ್’ ಸ್ತ್ರೀಲಿಂಗವನ್ನು ಸೂಚಿಸುತ್ತದೆ. 1829ರಲ್ಲಿ ಇಲ್ಲಿಗೆ ಬಂದ ಫ್ರೆಂಚ್ ವಿದ್ವಾಂಸ ಶಾಂಪೋಲಿಯೋ, ಗಡ್ಡಧಾರಿ ರಾಜನ ಚಿತ್ರದ ಪಕ್ಕದಲ್ಲಿ ಸ್ತ್ರೀಲಿಂಗದ ಪದಗಳನ್ನು ಓದಿ ಬೆರಗಾದ. ಅವಳನ್ನು ಮರಳಿ ಬೆಳಕಿಗೆ ತಂದದ್ದರಲ್ಲಿ ಈ ಪುಟ್ಟ ಪ್ರತ್ಯಯದ ಪಾಲು ದೊಡ್ಡದು.

ಅನೂಬಿಸನ ಮುಂದೆ ನೈವೇದ್ಯ ಇನ್ನೂ ಹಾಗೆಯೇ ಇದೆ. ತಂದವಳು ಯಾರೆಂದು ಈಗ ಜಗತ್ತಿಗೇ ಗೊತ್ತು.