ತೊರೆಯ ಕರೆಂಟಿಗೆ ಕಾರಿನ ಚಾರ್ಜರ್

ಯಾರೂ ಕೈ ಹಾಕದೆ ತಾನಾಗಿಯೇ ಚಾರ್ಜ್ ಆಗುವ ಕಾರು ಮಹಾನಗರದ ಮಾತೆಂದು ತೋರಬಹುದು. ಆದರೆ ಕರೆಂಟನ್ನು ಯಂತ್ರವೇ ನಿಭಾಯಿಸುವ ಪದ್ಧತಿ ಸಂಸೆ, ಕಳಸದ ಸುತ್ತಿನ ಮಲೆನಾಡಿಗೆ ಹೊಸದಲ್ಲ. ಸರ್ಕಾರಿ ಲೈನು ತಲುಪದ, ತಲುಪಿದರೂ ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯುವ ಕಡೆ, ಒಂಟಿಮನೆಯವರು ಗುಡ್ಡದ ತೊರೆಯ ನೀರನ್ನು ಪೈಪಿನಲ್ಲಿ ಇಳಿಸಿ ಪುಟ್ಟ ಟರ್ಬೈನ್ ತಿರುಗಿಸಿಕೊಂಡರು. ಅದರ ಜೊತೆಗಿನ ಲೋಡ್ ಕಂಟ್ರೋಲರ್ ಗಮನಿಸಬೇಕಾದದ್ದು. ಮನೆಯವರು ದೀಪ ಆರಿಸಿದೊಡನೆ ಉಳಿದ ಕರೆಂಟನ್ನು ಅದು ಹೀಟರ್ ಕಾಯಿಲ್‌ಗೆ ತಿರುಗಿಸುತ್ತದೆ. ಇಲ್ಲವಾದರೆ ಟರ್ಬೈನ್ ವೇಗ ಮೀರಿ ವೋಲ್ಟೇಜ್ ಏರುತ್ತದೆ. ಹೀಗೆ ರಾತ್ರಿಯಿಡೀ ಬರೀ ಶಾಖವಾಗಿ ಹೋಗುವ ಈ ವಿದ್ಯುತ್ತು ಕಾರಿನ ಬ್ಯಾಟರಿಗೆ ಸಲ್ಲಬೇಕೆಂಬುದು ನನ್ನ ವಾದ.

ಇಷ್ಟು ಸಣ್ಣ ಯಂತ್ರದಿಂದ ಕಾರು ಓಡೀತೇ ಎಂಬ ಆಕ್ಷೇಪ ಸಹಜ. ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ರಸ್ತೆಗಿಳಿದ ರೇವಾ ಎಂಬ ವಿದ್ಯುತ್ ಕಾರು, ಮನೆಯ 15 ಆಂಪ್ ಸಾಕೆಟ್‌ನಿಂದಲೇ ಸುಮಾರು 8 ಗಂಟೆಯಲ್ಲಿ ಚಾರ್ಜ್ ಆಗುತ್ತಿತ್ತು. ಒಂದು ಕಿಲೋವ್ಯಾಟ್ ಯಂತ್ರ 10 ಗಂಟೆಯಲ್ಲಿ 10 ಯೂನಿಟ್ ಕೊಡುತ್ತದೆ. ನಷ್ಟ ಕಳೆದರೂ ಇಂದಿನ ಸಣ್ಣ ಕಾರು ಕಳಸದ ಪೇಟೆಗೆ ಹೋಗಿಬರಲು ಅದು ಧಾರಾಳ. ಬೇಸಿಗೆಯಲ್ಲಿ ತೊರೆ ಸೊರಗುವುದು ನಿಜ; ಆಗ ಸೋಲಾರೋ ಸರ್ಕಾರಿ ಲೈನೋ ಬೇಕೇ ಬೇಕು. ಮಳೆಗಾಲದ ಅಷ್ಟೂ ತಿಂಗಳ ಕರೆಂಟನ್ನು ಪೋಲು ಮಾಡಲು ಅದು ಕಾರಣವಾಗದು. ಕಾರು ತಾನಾಗಿ ಚಾರ್ಜ್ ಆಗಲೆಂದು ನೆಲದಲ್ಲಿ ಹುದುಗಿಸುವ ವೈರ್‌ಲೆಸ್ ಪ್ಯಾಡ್‌ಗಿಂತ ಮೊದಲು, ಹೆಚ್ಚುವರಿ ಕರೆಂಟನ್ನು ಅಳೆದು ತಾನೇ ಚಾರ್ಜ್ ಹೆಚ್ಚು ಕಡಿಮೆ ಮಾಡುವ ಚಾರ್ಜರ್ ಮಲೆನಾಡಿಗೆ ಬರಬೇಕು.